ಫಿರ್ಯಾದಮ್ಮ ಕಂಡ ಹಸಿರು

ಅಳಿಯನ ಮೇಲೆ ದಿನಕ್ಕೊಂದು ದೂರು ಹೇಳದಿದ್ದರೆ ಆಕೆಗೆ ಉಂಡದ್ದು ಅರಗುತ್ತಿರಲಿಲ್ಲ. ಅದಕ್ಕೇ ಬೀದಿಯವರು ಆಕೆಗೆ ಫಿರ್ಯಾದಮ್ಮ ಎಂದು ಹೆಸರಿಟ್ಟಿದ್ದರು. ಅಳಿಯ ಬಟ್ಟೆಗೆ ನೀಲಿ ಬಣ್ಣ ಹಾಕುವವನು. ಮನೆಯ ಹಿಂದೆ ತಗಡಿನ ಶೆಡ್ಡು, ಅದರೊಳಗೆ ನೆಲದಲ್ಲಿ ಹೂತ ಮೂರು ಬಣ್ಣದ ತೊಟ್ಟಿಗಳು. ಹುಳಿಬಂದ ಆ ತೊಟ್ಟಿಗಳ ನಾತ ಮೂಗಿಗೆ ಬಡಿದರೆ ಹೊಟ್ಟೆ ತೊಳಸುತ್ತದೆ ಎಂದು ಆಕೆ ಮಗಳ ಮನೆಗೆ ಬಂದ ಎಂಟು ವರ್ಷದಲ್ಲಿ ಒಂದು ದಿನವೂ ಶೆಡ್ಡಿನೊಳಗೆ ಕಾಲಿಟ್ಟಿರಲಿಲ್ಲ. ಹಿತ್ತಲ ಹಗ್ಗದ ಮೇಲೆ ಒಣಗುತ್ತಿದ್ದ ನೀಲಿ ಬಟ್ಟೆ ನೋಡಿದ್ದಳು, ಅಷ್ಟೇ.

"ಮಾತೇ ಆಡಲ್ಲ ಪುಣ್ಯಾತ್ಮ. ಆಡಿದ್ರೆ ಬೆಂಕಿ ಉಗುಳ್ತಾನೆ. ನಡುವೆ ಏನೂ ಇಲ್ಲ," ಎಂದು ಆಕೆ ನಲ್ಲಿಯ ಹತ್ತಿರ ನಿಂತವರಿಗೆಲ್ಲ ಹೇಳುತ್ತಿದ್ದಳು.

ಅಂಥ ಬೆಂಕಿಯನ್ನು ಅವನು ಒಂದು ದಿನ ನಡುಬೀದಿಯಲ್ಲೇ ಉಗುಳಿದ. ಬಣ್ಣ ಹಾಕಲು ಬಟ್ಟೆ ತಂದುಕೊಡುವ ಏಜೆಂಟ್ ಬೆಳಿಗ್ಗೆ ಬಂದು, ಬಣ್ಣ ಮಚ್ಚೆಮಚ್ಚೆಯಾಗಿದೆ ಎಂದು ಒಂದು ಗಂಟು ಬಟ್ಟೆಯನ್ನು ಕೆಸರಿಗೆ ಎಸೆದ. ಅಳಿಯ ಹತ್ತು ಜನರ ಎದುರಿಗೆ, "ಇನ್ನೊಂದು ಸಲ ಈ ಬಾಗಿಲಿಗೆ ಬಾ, ಜೀವಸಹಿತ ಹೋಗಲ್ಲ ನೀನು!" ಎಂದು ಕೂಗಿದ. ಏಜೆಂಟ್ ಹೋದ. ಮಧ್ಯಾಹ್ನ ಮತ್ತೆ ಬಂದ, ನೇರ ಹಿತ್ತಲಿಗೆ ನಡೆದ. ಆಮೇಲೆ ಜೀವಸಹಿತ ಹೋಗಲಿಲ್ಲ.

ಮಗಳು ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗಿದ್ದಳು. ಜಗುಲಿಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದ ಫಿರ್ಯಾದಮ್ಮ ಕೂಗು ಕೇಳಿ ಹಿತ್ತಲಿಗೆ ಓಡಿದಾಗ ಏಜೆಂಟ್ ಶೆಡ್ಡಿನ ಹೊರಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಂಗಾತ ಬಿದ್ದಿದ್ದ. ತಲೆ ಕಲ್ಲಿನ ಅಂಚಿಗೆ ಬಡಿದಿತ್ತು. ಬಿಳಿ ಅಂಗಿಯ ಎದೆಯ ಮೇಲೆ ಕೋಲಿನ ಅಡ್ಡ ಗುರುತೊಂದು ಎದ್ದು ಕಾಣುತ್ತಿತ್ತು. ಅಳಿಯ ಬಾಗಿಲಲ್ಲಿ ಬಟ್ಟೆ ಎತ್ತುವ ಕೋಲು ಹಿಡಿದು ಮರಗಟ್ಟಿದಂತೆ ನಿಂತಿದ್ದ. ಆಕೆ ನೀರು ತರಲು ಓಡಿದಳು. ಬಿದ್ದವನ ಬಾಯಿಗೆ ಹಾಕಿದ ನೀರು ಒಳಗೆ ಇಳಿಯಲಿಲ್ಲ.

ಪೊಲೀಸರು ಕೊಲೆ ಎಂದು ಬರೆದುಕೊಂಡರು. ಅಳಿಯ ಜೈಲು ಸೇರಿ ಹದಿನಾಲ್ಕು ತಿಂಗಳಾಯಿತು.

ವಕೀಲಮ್ಮನ ಕಚೇರಿ ಕಡತಗಳ ರಾಶಿಯ ನಡುವೆ ಒಂದು ಮೇಜು, ಮೂರು ಕುರ್ಚಿ. ಮಗಳು ಒಂದರಲ್ಲಿ, ತಾಯಿ ಒಂದರಲ್ಲಿ ಕೂತರು.

"ನೋಡಿ ಅಮ್ಮಾ," ಎಂದಳು ವಕೀಲಮ್ಮ. "ಸತ್ತವನು ಒಬ್ಬನೇ. ಆದ್ರೆ ಕಾನೂನಿನಲ್ಲಿ ಮೆಟ್ಟಿಲುಗಳಿವೆ. ಕಾದು ಕೂತು, ಸಾಯಿಸಬೇಕು ಅಂತಲೇ ಹೊಡೆದ್ರೆ ಕೊಲೆ. ಅದಕ್ಕೆ ಸಾಯೋ ತನಕ ಜೈಲು. ತಟ್ಟನೆ ಜಗಳ ಹತ್ತಿ, ಸಿಟ್ಟಿನಲ್ಲಿ ಕೈ ಮುಂದಾಗಿ ಜೀವ ಹೋದ್ರೆ ಅದೂ ಅಪರಾಧವೇ, ನರಹತ್ಯೆ. ಆದ್ರೆ ಕೊಲೆ ಅಲ್ಲ. ಶಿಕ್ಷೆ ಕೆಲವು ವರ್ಷ. ಅದರ ಕೆಳಗಿನ ಮೆಟ್ಟಿಲು, ಬರೀ ಅಜಾಗ್ರತೆ. ಅಷ್ಟು ಕೆಳಗೆ ಇಳಿಸೋಕೆ ನಮ್ಮ ಕೈಲಾಗಲ್ಲ."

"ಸತ್ತೋನಿಗೆ ಯಾವ ಮೆಟ್ಟಿಲಾದ್ರೇನು?"

"ಸತ್ತೋನಿಗೆ ಏನೂ ಇಲ್ಲ. ನಿಮ್ಮ ಮಗಳಿಗೆ ಇದೆ."

ಫಿರ್ಯಾದಮ್ಮ ಮಗಳ ಕಡೆ ತಿರುಗಿ ನೋಡಿದಳು.

"ಸರ್ಕಾರಿ ವಕೀಲರು ಹೇಳೋದಿಷ್ಟು. ಬೆಳಿಗ್ಗೆ ಬೆದರಿಕೆ ಹಾಕಿದ, ಎರಡು ಗಂಟೆ ಹೊತ್ತು ಕೋಲು ಹಿಡಿದು ಬಾಗಿಲ ಹಿಂದೆ ಕಾದ, ಬಂದ ಕೂಡ್ಲೇ ಮುಗಿಸಿದ. ನಿಮ್ಮ ಅಳಿಯ ಹೇಳೋದು ಬೇರೆ. ತೊಟ್ಟಿ ಮುಂದೆ ಕೆಲಸ ಮಾಡ್ತಿದ್ದೆ, ಅವನು ಒಳಗೆ ಬಂದು ಕೊರಳಪಟ್ಟಿ ಹಿಡಿದ, ಕೈಲಿದ್ದ ಕೋಲಿನಿಂದಲೇ ಹೊರಗೆ ತಳ್ಳಿದೆ, ಹೊಸ್ತಿಲು ಎಡವಿ ಬಿದ್ದ ಅಂತ. ಎರಡಕ್ಕೂ ಅದೇ ಕೋಲು, ಅದೇ ಕಲ್ಲು. ನೋಡಿದವರು ಇಲ್ಲ. ಮೊದಲು ಬಂದವರು ನೀವು. ಅದ್ರಲ್ಲೂ ಒಂದು ತೊಂದರೆ ಇದೆ." ಆಕೆ ಒಂದು ಹಾಳೆ ತೆಗೆದಳು. "ಅಂಗಿ ಮೇಲಿದ್ದ ಗುರುತು ಯಾವ ಬಣ್ಣ?"

"ಹಸಿರು. ಪೊಲೀಸ್‌ನೋರಿಗೂ ಅದನ್ನೇ ಹೇಳಿದ್ದೀನಿ."

"ಫೋಟೋದಲ್ಲಿ ನೀಲಿ ಇದೆ. ಅಂಗಿ ಕೋರ್ಟಿನಲ್ಲಿದೆ, ಅದೂ ನೀಲಿಯೇ. ನೀವು ಅಲ್ಲಿ ಇರಲೇ ಇಲ್ಲ, ಅಳಿಯನಿಗೋಸ್ಕರ ಕಥೆ ಕಟ್ಟಿದ್ದೀರಿ ಅಂತಾರೆ."

"ಅಂದ್ರೆ ಅನ್ಲಿ. ನಾ ಕಂಡಾಗ ಹಸಿರಿತ್ತು."

"ಗಾಬರಿ ಆಗಿತ್ತೇನೋ..."

"ಗಾಬರಿ ಆಗಿತ್ತು. ಕಣ್ಣಿಗೇನಾಗಿತ್ತು?"

ಮಗಳು ಅಷ್ಟು ಹೊತ್ತು ತಡೆದುಕೊಂಡಿದ್ದಳು. "ಅಮ್ಮಾ, ಅವರ ಮೇಲಿನ ಸಿಟ್ಟನ್ನ ಇಲ್ಲಿ ತೀರಿಸ್ಕೋಬೇಡ. ನೀಲಿ ಅಂದುಬಿಡು. ನೀಲಿ ಬಣ್ಣದ ಮನೇಲಿ ಹಸಿರು ಎಲ್ಲಿಂದ ಬರುತ್ತೆ?"

ಆ ಮಾತು ಫಿರ್ಯಾದಮ್ಮನಿಗೆ ಮುಳ್ಳಿನಂತೆ ನಾಟಿತು. "ನಾನು ಅವನ ಮೇಲೆ ಎಂಟು ವರ್ಷ ದೂರು ಹೇಳಿರಬಹುದು. ಒಂದಾದ್ರೂ ಸುಳ್ಳು ಹೇಳಿದ್ದೀನಾ? ಹೇಳು! ಚಿಗುರೆಲೆ ಇರುತ್ತಲ್ಲ, ಒಂಚೂರು ಹಳದಿ ಬೆರೆತ ಹಸಿರು. ಹಸಿ ಹಸಿ. ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ."

ಮಗಳು ತಾಯಿಯ ಕಡೆ ಕುರ್ಚಿ ತಿರುಗಿಸಿದಳು. ಆಕೆ ರಜೆಯ ದಿನ ಶೆಡ್ಡಿನಲ್ಲಿ ಗಂಡನಿಗೆ ನೆರವಾಗುತ್ತಿದ್ದವಳು. "ಹಳದಿ ಬೆರೆತ ಹಸಿರಾ?" ಎಂದು ಮೆಲ್ಲಗೆ ಕೇಳಿದಳು. "ಅಮ್ಮಾ, ಸರಿಯಾಗಿ ಹೇಳು."

"ಇನ್ನೆಷ್ಟು ಸಲ ಹೇಳ್ಲಿ!"

ಮಗಳು ನಗಲು ಶುರುಮಾಡಿದಳು. ನಗುತ್ತಲೇ ಅಳು ಬಂತು. ವಕೀಲಮ್ಮನ ತೋಳು ಹಿಡಿದು ಹೊರಗಿನ ಮೊಗಸಾಲೆಗೆ ಕರೆದುಕೊಂಡು ಹೋದಳು. ಹತ್ತು ನಿಮಿಷದ ಮೇಲೆ ಇಬ್ಬರೂ ಒಳಗೆ ಬಂದಾಗ ವಕೀಲಮ್ಮನ ಮುಖ ಬೇರೆಯಾಗಿತ್ತು.

"ಅಮ್ಮಾ, ನೀವು ಕಂಡದ್ದನ್ನೇ ಹೇಳಿ. ಒಂದಕ್ಷರ ಬದಲಿಸಬೇಡಿ."

"ಏನಾಯ್ತೀಗ? ಆಗ ತೊಂದರೆ ಅಂತಿದ್ರಿ?"

"ಅದನ್ನ ಈಗ ನಿಮಗೆ ಹೇಳೋ ಹಾಗಿಲ್ಲ. ಯಾರೂ ಹೇಳ್ಕೊಡದೆ ನೀವು ಕಟಕಟೆ ಹತ್ತಬೇಕು."

ಆಮೇಲಿನ ಮೂರು ವಾರ ಮನೆಯಲ್ಲಿ ಬಣ್ಣದ ಮಾತೇ ಇಲ್ಲ. ಫಿರ್ಯಾದಮ್ಮ ಬಾಯಿ ತೆರೆದರೆ ಮಗಳು ಪಾತ್ರೆ ತೊಳೆಯಲು ಎದ್ದುಹೋಗುತ್ತಿದ್ದಳು. ಮುದುಕಿಗೆ ತಾನು ಹೇಳುವ ಒಂದು ಬಣ್ಣದ ಮೇಲೆ ಮಗಳ ಬಾಳು ನಿಂತಿದೆ ಎಂದು ತಿಳಿದಿತ್ತು. ಯಾಕೆ, ಹೇಗೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಕೋರ್ಟಿನ ಕಟಕಟೆ ಆಕೆಯ ಎದೆಮಟ್ಟ ಇತ್ತು. ಮುಂದಿನ ಬೆಂಚಿನಲ್ಲಿ ಸತ್ತವನ ಅಕ್ಕ ಕೂತಿದ್ದಳು. ಆ ಕಡೆ ಅಳಿಯ, ಪೊಲೀಸಿನವನ ಪಕ್ಕ, ತಲೆ ತಗ್ಗಿಸಿ.

ಸರ್ಕಾರಿ ವಕೀಲರು ನಗುಮುಖದ ಮನುಷ್ಯ. "ಅಳಿಯನನ್ನ ಉಳಿಸಬೇಕು ಅಂತ ಬಂದಿದ್ದೀರಿ, ಅಲ್ವಾ ತಾಯಿ?"

"ಅವನ ಬಗ್ಗೆ ನಾನು ಏನೇನು ಅಂದಿದ್ದೀನಿ ಅಂತ ನಮ್ಮ ಬೀದೀಲಿ ಕೇಳಿ ನೋಡಿ ಸ್ವಾಮಿ. ಉಳಿಸೋ ಮಾತು ಒಂದೂ ಸಿಕ್ಕಲ್ಲ."

ಹಿಂದಿನ ಬೆಂಚುಗಳಲ್ಲಿ ನಗೆಯೆದ್ದಿತು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು.

"ಅಂಗಿ ಮೇಲಿನ ಗುರುತು ಹಸಿರಾಗಿತ್ತು ಅಂತೀರಿ. ನೀಲಿ ಅಲ್ಲ?"

"ಹಸಿರು."

"ಸರಿಯಾಗಿ ಯೋಚಿಸಿ. ಕೊನೇ ಅವಕಾಶ ಕೊಡ್ತಿದ್ದೀನಿ."

"ಮಧ್ಯಾಹ್ನದ ಬಿಸಿಲು, ಬಿಳಿ ಅಂಗಿ. ಹಸಿರು ಸ್ವಾಮಿ. ನೂರು ಸಲ ಕೇಳಿ, ಹಸಿರೇ."

ಅವರು ಅಂಗಿಯನ್ನು ಎತ್ತಿ ತೋರಿಸಿದರು. ಎದೆಗೆ ಅಡ್ಡಲಾಗಿ ಗಾಢ ನೀಲಿ ಪಟ್ಟೆ. "ಕಣ್ಣಾರೆ ಕಂಡ ಸಾಕ್ಷಿ ಇದು!" ಎಂದು ಕೂತರು. ಫಿರ್ಯಾದಮ್ಮನಿಗೆ ನಾನೇ ಮುಳುಗಿಸಿಬಿಟ್ಟೆನಲ್ಲ ಎನ್ನಿಸಿತು.

ವಕೀಲಮ್ಮ ಎದ್ದು ಒಂದೇ ಪ್ರಶ್ನೆ ಕೇಳಿದಳು. "ಬಣ್ಣದ ಶೆಡ್ಡಿನೊಳಗೆ ಯಾವತ್ತಾದ್ರೂ ಹೋಗಿದ್ರಾ?"

"ಆ ನಾತಕ್ಕಾ? ಎಂಟು ವರ್ಷದಲ್ಲಿ ಒಂದು ಸಲವೂ ಇಲ್ಲ."

ಆಮೇಲೆ ಬಂದವರು ಬಣ್ಣಗಾರಿಕೆ ಕಲಿಸುವ ಒಬ್ಬ ಮೇಷ್ಟ್ರು. ಕೈಯಲ್ಲಿ ಮುಚ್ಚಳ ಬಿಗಿದ ಡಬ್ಬಿ. ನ್ಯಾಯಾಧೀಶರ ಅಪ್ಪಣೆ ಪಡೆದು ಮುಚ್ಚಳ ತೆಗೆದದ್ದೇ ತಡ, ಗುಮಾಸ್ತ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. "ನಾ ಹೇಳ್ಲಿಲ್ವಾ," ಎಂದು ಕಟಕಟೆಯಿಂದಿಳಿದು ಬೆಂಚಿನಲ್ಲಿ ಕೂತಿದ್ದ ಫಿರ್ಯಾದಮ್ಮ ಪಕ್ಕದವಳಿಗೆ ಪಿಸುಗುಟ್ಟಿದಳು.

ಮೇಷ್ಟ್ರು ಒಂದು ಕೋಲನ್ನು ಡಬ್ಬಿಯಲ್ಲಿ ಅದ್ದಿ ತೆಗೆದು, ಬಿಳಿ ಬಟ್ಟೆಯ ಮೇಲೆ ಒತ್ತಿದರು.

ಗುರುತು ಹಸಿರಾಗಿತ್ತು. ಚಿಗುರೆಲೆಯ ಹಸಿರು.

ಎಲ್ಲರೂ ನೋಡುತ್ತಿದ್ದಂತೆ ಅಂಚು ಮಸುಕಾಯಿತು, ಹಸಿರು ಕಪ್ಪಿಟ್ಟಿತು, ಒಳಗಿನಿಂದ ಯಾರೋ ಶಾಯಿ ಸುರಿದಂತೆ ನೀಲಿ ಹರಡಿತು. ಕೆಲವೇ ನಿಮಿಷದಲ್ಲಿ ಹಸಿರಿನ ಸುಳಿವೂ ಉಳಿಯಲಿಲ್ಲ.

"ತೊಟ್ಟಿಯೊಳಗೆ ಈ ಬಣ್ಣ ನೀಲಿ ಇರೋದಿಲ್ಲ," ಎಂದರು ಮೇಷ್ಟ್ರು. "ಗಾಳಿ ತಾಗಿದ ಮೇಲೆ ನೀಲಿ ಆಗುತ್ತೆ. ಈ ಕೆಲಸದವರಿಗೆಲ್ಲ ಗೊತ್ತು."

"ಕೋಲನ್ನ ಎರಡು ಗಂಟೆ ಹೊತ್ತು ಕೈಲಿ ಹಿಡಿದು ಕಾದಿದ್ರೆ?" ಎಂದು ವಕೀಲಮ್ಮ ಕೇಳಿದಳು.

"ಅಷ್ಟು ಹೊತ್ತಿಗೆ ಒಣಗಿರುತ್ತೆ, ಗುರುತೇ ಬೀಳಲ್ಲ. ಒದ್ದೆ ಉಳಿದಿದ್ರೂ ನೀಲಿ ಬೀಳುತ್ತೆ. ಹಸಿರು ಬಿದ್ದಿದೆ ಅಂದ್ರೆ ಕೋಲು ಒಂದು ನಿಮಿಷದ ಹಿಂದೆ ತೊಟ್ಟಿಯೊಳಗೇ ಇತ್ತು."

ಸರ್ಕಾರಿ ವಕೀಲರು ಏಳಲು ಹೋಗಿ, ಎದುರಿಗಿದ್ದ ಹಾಳೆ ನೋಡಿ ಮತ್ತೆ ಕೂತರು. ಹಸಿರು ಎಂದು ಆಕೆಯ ಬಾಯಿಂದ ಮತ್ತೆ ಮತ್ತೆ ಹೇಳಿಸಿ ಬರೆಸಿದವರು ಅವರೇ. ತೊಟ್ಟಿಯನ್ನೇ ಕಾಣದ ಮುದುಕಿಗೆ ಇಂಥ ಸುಳ್ಳು ಹೊಳೆಯುವುದು ಹೇಗೆ ಎಂದು ಯಾರೂ ಬಾಯಿಬಿಟ್ಟು ಕೇಳಬೇಕಾಗಲಿಲ್ಲ. ಫಿರ್ಯಾದಮ್ಮ ಮಾತ್ರ ಆ ಬಟ್ಟೆಯನ್ನೇ ನೋಡುತ್ತ ಕೂತಿದ್ದಳು. ತನಗೆ ಹುಚ್ಚು ಹಿಡಿದಿರಲಿಲ್ಲ ಎಂದು ಈಗ ಆಕೆಗೂ ಖಾತ್ರಿಯಾಯಿತು.

ತೀರ್ಪು ಹತ್ತು ದಿನದ ಮೇಲೆ ಬಂತು. ಕಾದು ಕೂತದ್ದಕ್ಕೆ, ಸಾಯಿಸುವ ಉದ್ದೇಶಕ್ಕೆ ಸಾಕ್ಷಿ ಇಲ್ಲ. ಕೆಲಸದ ನಡುವೆ ತಟ್ಟನೆ ಹತ್ತಿದ ಜಗಳ. ಕೊಲೆ ಅಲ್ಲ, ನರಹತ್ಯೆ. ನಾಲ್ಕು ವರ್ಷ, ಕಳೆದ ಜೈಲುವಾಸ ಅದರಲ್ಲೇ ಸೇರಿ.

"ಅಂದ್ರೆ ಬರ್ತಾರೆ," ಎಂದಳು ಮಗಳು. ಮತ್ತೆ ಮತ್ತೆ ಅದೊಂದೇ ಮಾತು. "ಬರ್ತಾರೆ ಅಮ್ಮಾ. ಮೂರು ವರ್ಷವೂ ಇಲ್ಲ."

ಮೊಗಸಾಲೆಯಲ್ಲಿ ಸತ್ತವನ ಅಕ್ಕ ಎದುರಾದಳು. ಬೆಂಚಿನಲ್ಲಿ ಕೂತಿದ್ದ ಫಿರ್ಯಾದಮ್ಮ ಎದ್ದು ನಿಂತಳು.

"ಅವನಿಗೆ ನೀರು ಹಾಕಿದ್ರಂತೆ," ಎಂದಳು ಆ ಹೆಂಗಸು.

"ಹಾಕಿದೆ ತಾಯಿ. ಇಳೀಲಿಲ್ಲ."

ಆಕೆ ತಲೆಯಾಡಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಮುಂದೆ ಹೋದಳು. ಅದರಲ್ಲಿ ಕ್ಷಮೆ ಇತ್ತೋ ಇಲ್ಲವೋ, ಫಿರ್ಯಾದಮ್ಮ ಕೇಳಲಿಲ್ಲ.

ವ್ಯಾನು ಹತ್ತುವ ಮೊದಲು ಪೊಲೀಸಿನವನು ಎರಡು ನಿಮಿಷ ಬಿಟ್ಟ. ಅಳಿಯ ಹೆಂಡತಿಯ ಕೈ ಹಿಡಿದು ನಿಂತ. ಅತ್ತೆಯ ಕಡೆ ತಿರುಗಿ, ಕಡೆಗೆ ಇಷ್ಟೇ ಕೇಳಿದ: "ಅತ್ತೇ, ಊಟ ಆಯ್ತಾ?"

"ನೋಡಿದ್ರಾ!" ಎಂದಳು ಫಿರ್ಯಾದಮ್ಮ ವಕೀಲಮ್ಮನಿಗೆ. "ಒಂದೇ ಮನೇಲಿ ಇದ್ದಾಗ ಒಂದು ದಿನ ಕೇಳ್ಲಿಲ್ಲ. ಈಗ ಕೇಳ್ತಾನೆ, ಕೈಗೆ ಬೇಡಿ ಬಿದ್ದ ಮೇಲೆ!" ಅವನ ಅಂಗಿಯ ತೋಳನ್ನು ಕೆಳಗೆ ಎಳೆದು ಬೇಡಿ ಕಾಣದಂತೆ ಮುಚ್ಚಿದಳು. "ಮಾಡ್ತೀನಿ ಹೋಗು. ನೀನೂ ಹೊತ್ತು ಹೊತ್ತಿಗೆ ತಿನ್ನು."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹದಿನೈದು ತಿಂಗಳಿಂದ ಆಕೆ ನೆಟ್ಟಗೆ ಕಣ್ಣು ಮುಚ್ಚಿರಲಿಲ್ಲ. ಬಸ್ಸು ಎರಡನೇ ತಿರುವು ದಾಟುವ ಮೊದಲೇ ಬಾಯಿ ತೆರೆದು, ಮಗಳ ಹೆಗಲಿಗೆ ಒರಗಿ, ಗೊರಕೆ ಹೊಡೆಯತೊಡಗಿದಳು. ಇಳಿಯುವ ನಿಲ್ದಾಣ ಬಂತು. ಕಂಡಕ್ಟರ್ ಕೂಗಿ ಹೇಳಿದ. ಮಗಳು ತಾಯಿಯ ಮುಖ ನೋಡಿದಳು, ಕಂಡಕ್ಟರನಿಗೆ ಬೇಡವೆಂದು ಕೈಸನ್ನೆ ಮಾಡಿ, ಬಸ್ಸಿನ ಕೊನೆಯ ನಿಲ್ದಾಣದವರೆಗೆ ಎರಡು ಟಿಕೆಟ್ ತೆಗೆದುಕೊಂಡಳು.