ಒಣಗದ ಎರಡನೇ ಕೋಟ್

ಚಿಕ್ಕ ಪೇಂಟರ್ ಅಂಗಳದಲ್ಲಿ ಮಂಡಿಯೂರಿ ಅಪ್ಪನ ಶವಪೆಟ್ಟಿಗೆಗೆ ಎರಡನೇ ಕೋಟ್ ಬಿಳಿ ಬಣ್ಣ ಬಳಿಯುತ್ತಿದ್ದಾಗ ಅಕ್ಕ ಬಾಗಿಲಿಗೆ ಬಂದಳು.

"ಪಾದ್ರಿಗಳು ಇನ್ನೇನು ಬಂದ್ಬಿಡ್ತಾರೆ. ನೀನಿಲ್ಲಿ ಇದೇನೋ ಮಾಡ್ತಿದ್ದೀಯ?"

"ಬಡಗಿ ಹಚ್ಚಿದ್ದು ನೋಡಕ್ಕ, ಅಂಚಲ್ಲೆಲ್ಲ ಮರ ಕಾಣ್ತಿದೆ. ಇದ್ರಲ್ಲಿ ಮಲಗಿಸಿದ್ರೆ ಅಪ್ಪ ಎದ್ದು ಕೂತು ಬೈತಾರೆ."

"ಒಣಗುತ್ತಾ?"

"ಬಿಸಿಲಿದೆಯಲ್ಲ, ಒಣಗುತ್ತೆ."

ಆಯಿಲ್ ಪೇಂಟು ಒಣಗಲು ಒಂದು ದಿನ ಬೇಕೆಂದು ಮನೆ ಮಾಲೀಕರಿಗೆಲ್ಲ ಪಾಠ ಹೇಳುತ್ತಿದ್ದವನೇ ಅವನು. ಬೆಳಿಗ್ಗೆ ಬಡಗಿ ಹಚ್ಚಿದ್ದ ಕೋಟೇ ಇನ್ನೂ ಒಣಗಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಹಾಗೆ. ಐವತ್ತು ದಾಟಿದರೂ ಅವನು ಜನರ ಬಾಯಲ್ಲಿ ಚಿಕ್ಕ ಪೇಂಟರೇ. ಅಪ್ಪ ಇರುವ ತನಕ ದೊಡ್ಡ ಪೇಂಟರ್ ಎಂಬ ಪಟ್ಟ ಖಾಲಿಯಾಗುವಂತಿರಲಿಲ್ಲ.

ನಿಜ ಹೇಳಬೇಕೆಂದರೆ ಅವನಿಗೆ ಒಳಗೆ ಹೋಗಲು ಧೈರ್ಯವಿರಲಿಲ್ಲ. ಒಳಗೆ ತಾತನ ಪಕ್ಕದಲ್ಲಿ ಅವನ ಮಗ ಕುಳಿತಿದ್ದ. ಬೆಳಗಿನ ಬಸ್ಸಿಗೆ ಬಂದಿದ್ದ ಅವನು ಎಲ್ಲರನ್ನೂ ಮಾತಾಡಿಸಿದ್ದ, ಅಪ್ಪನೊಬ್ಬನನ್ನು ಬಿಟ್ಟು.

ಎರಡು ವರ್ಷದ ಹಿಂದೆ ಮಗ ಬಣ್ಣ ಸಿಂಪಡಿಸುವ ಮೆಷಿನ್ ತರೋಣ ಎಂದಿದ್ದ. "ಬ್ರಷ್ ಹಿಡಿಯೋಕೆ ಬೇಜಾರಾದೋನು ನನ್ನ ಏಣೀನೂ ಮುಟ್ಟಬೇಡ" ಎಂದುಬಿಟ್ಟ ಚಿಕ್ಕ ಪೇಂಟರ್. "ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೊಳ್ಳಕ್ಕಾಗಲ್ಲ" ಎಂದು ಮಗನೂ ಚೀಲ ಹಿಡಿದು ಬೇರೆ ಊರಿನ ಕಂಟ್ರಾಕ್ಟರ್ ಹತ್ತಿರ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಇಬ್ಬರ ನಡುವೆ ಒಂದು ಮಾತೂ ಇರಲಿಲ್ಲ.

*

ಚಿಕ್ಕ ಪೇಂಟರ್ ನಿಜಕ್ಕೂ ಚಿಕ್ಕವನಿದ್ದಾಗ ಒಮ್ಮೆ ಕೆಲಸ ಬೇಗ ಮುಗಿಯಲೆಂದು ಬಣ್ಣಕ್ಕೆ ಸಿಕ್ಕಾಪಟ್ಟೆ ಸೀಮೆಎಣ್ಣೆ ಬೆರೆಸಿದ್ದ. ದೊಡ್ಡ ಪೇಂಟರ್ ಎಲ್ಲರೆದುರೇ ಬೈದಿದ್ದರು. ಊಟಕ್ಕೆ ಕುಳಿತಾಗ ಇಬ್ಬರ ಮುಖವೂ ಗಡಿಗೆಯಂತೆ ಊದಿತ್ತು. ಆದರೆ ಸಿಟ್ಟನ್ನು ಹಾಸಿಗೆಗೆ ಒಯ್ಯಬಾರದೆಂಬುದು ದೊಡ್ಡ ಪೇಂಟರ್ ಗಟ್ಟಿಯಾಗಿ ನಂಬಿದ್ದ ಮಾತು. ಪ್ರಾರ್ಥನೆಗೆ ಮಂಡಿಯೂರಿ ಕಣ್ಣು ಮುಚ್ಚಿಕೊಂಡು ಶುರು ಮಾಡಿದರು.

"ಕರ್ತನೇ, ನನ್ನ ಮಗನಿಗೆ ಹೇಳು, ಬಣ್ಣಕ್ಕೆ ಅಷ್ಟೊಂದು ಸೀಮೆಎಣ್ಣೆ ಸುರಿದ್ರೆ ಅದು ಗೋಡೆಗೆ ಬಳಿದ ಹಾಗಲ್ಲ, ಗಿರಾಕಿ ಕಣ್ಣಿಗೆ ಬಳಿದ ಹಾಗೆ."

ಹುಡುಗನೂ ಕಣ್ಣು ತೆರೆಯಲಿಲ್ಲ. "ಕರ್ತನೇ, ಅಪ್ಪನಿಗೆ ಹೇಳು, ಬೈಯೋದಿದ್ರೆ ಮನೇಲಿ ಬೈಲಿ, ಜನರ ಮುಂದೆ ಬೇಡ."

ದೊಡ್ಡ ಪೇಂಟರ್ ಒಮ್ಮೆ ಕೆಮ್ಮಿದರು. ಆಮೇಲೆ, "ಕರ್ತನೇ, ಸರಿ ಅನ್ನು."

"ಆಮೆನ್" ಎಂದಳು ಅಮ್ಮ. "ದೇವರನ್ನೇನು ಅಂಚೆಯವನು ಅಂದ್ಕೊಂಡಿದ್ದೀರಾ ಇಬ್ರೂ?"

ಆ ಅಂಚೆ ಮತ್ತೆ ನಿಲ್ಲಲಿಲ್ಲ. ಮದುವೆಗೆ ಹೆಣ್ಣು ಒಪ್ಪಿಗೆಯಾದದ್ದನ್ನು ಚಿಕ್ಕ ಪೇಂಟರ್ ತಿಳಿಸಿದ್ದೂ ಹಾಗೆಯೇ. ಮೊಮ್ಮಗ ಇದನ್ನೆಲ್ಲ ಕೇಳುತ್ತ, ಒಂದು ಕಣ್ಣು ತೆರೆದು ಇಬ್ಬರನ್ನೂ ನೋಡಿ ನಗುತ್ತ ಬೆಳೆದ. ಕೊನೆಯ ವರ್ಷಗಳಲ್ಲಿ ಹತ್ತಲು ಆಗದಿದ್ದರೂ ದೊಡ್ಡ ಪೇಂಟರ್ ಕೆಲಸಕ್ಕೆ ಬರುತ್ತಿದ್ದರು. ಏಣಿಯ ಬುಡ ಹಿಡಿದು ಕೂರುವುದೇ ಅವರ ಕೆಲಸ. ಅಪ್ಪ ಕೆಳಗಿದ್ದಾರೆಂದರೆ ಚಿಕ್ಕ ಪೇಂಟರ್ ಎಷ್ಟು ಎತ್ತರಕ್ಕಾದರೂ ಹತ್ತುತ್ತಿದ್ದ.

*

ಪೆಟ್ಟಿಗೆಯನ್ನು ಎತ್ತಿದ್ದು ನಾಲ್ವರು: ಮುಂದೆ ಎದುರು ಮನೆಯ ಕ್ಷೌರಿಕ ಮತ್ತು ಬಸ್ ಡ್ರೈವರ್, ಹಿಂದೆ ಚಿಕ್ಕ ಪೇಂಟರ್, ಅವನ ಮಗ.

"ಏನಪ್ಪಾ ಇದು, ಕೈ ಅಂಟ್ಕೊಳ್ತಿದೆ" ಎಂದ ಕ್ಷೌರಿಕ.

ಬಸ್ ಡ್ರೈವರ್ ತನ್ನ ಕರಿ ಕೋಟಿನ ಭುಜ ನೋಡಿಕೊಂಡ. "ದೊಡ್ಡ ಪೇಂಟರ್ ಹೋಗ್ತಾ ಹೋಗ್ತಾ ನಮಗೂ ಒಂದು ಕೈ ಬಳಿದೇ ಹೋಗ್ತಿದ್ದಾರೆ."

ಅಳುತ್ತಿದ್ದ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕುಬಿಟ್ಟಳು. ಮಗ ತನ್ನ ಬಿಳಿ ಅಂಗೈ ನೋಡಿ, ಅಪ್ಪನ ಅಂಗೈ ನೋಡಿದ. ಏನೋ ಹೇಳುತ್ತಾನೆಂದು ಚಿಕ್ಕ ಪೇಂಟರ್ ಕಾದ. ಮಗ ಪೆಟ್ಟಿಗೆಯನ್ನು ಭುಜಕ್ಕೆ ಸರಿಯಾಗಿ ಒತ್ತಿಕೊಂಡು ಹೆಜ್ಜೆ ಹಾಕಿದ.

ಸಮಾಧಿಯ ಬಳಿ ಪಾದ್ರಿಗಳು ತಮ್ಮ ಪ್ರಾರ್ಥನೆ ಮುಗಿಸಿ, "ಈಗ ಮಗ ನಾಲ್ಕು ಮಾತು ಪ್ರಾರ್ಥನೆ ಮಾಡಲಿ" ಎಂದರು.

ಚಿಕ್ಕ ಪೇಂಟರ್ ಗುಂಡಿಯ ಅಂಚಿಗೆ ಬಂದ. ಅಪ್ಪ ಪಕ್ಕದಲ್ಲಿಲ್ಲದೆ ಅವನು ಎಂದೂ ಗಟ್ಟಿಯಾಗಿ ಪ್ರಾರ್ಥಿಸಿದವನಲ್ಲ. ಸಂಜೆಗೆ ಬಸ್ಸಿದೆ, ಮಗ ಹೊರಟುಹೋಗುತ್ತಾನೆ ಎನ್ನುವುದೊಂದೇ ತಲೆಯಲ್ಲಿತ್ತು. ಕಣ್ಣು ಮುಚ್ಚಿದ.

"ಕರ್ತನೇ, ಅಪ್ಪನಿಗೆ ಹೇಳು, ಬಣ್ಣ ಒಣಗೋ ಮುಂಚೆ ಎತ್ತಿಬಿಟ್ವಿ, ಸಿಟ್ಟಾಗೋದು ಬೇಡ ಅಂತ." ಯಾರೋ ಮೆಲ್ಲಗೆ ನಕ್ಕರು. ಅವನು ಮುಂದುವರಿಸಿದ. "ಕರ್ತನೇ, ನನ್ನ ಮಗನಿಗೂ ಹೇಳು. ಏಣಿ ಹಿಡಿಯೋಕೆ ಇನ್ಮೇಲೆ ಯಾರೂ ಇಲ್ಲ."

ಜನ ಆಮೆನ್ ಎನ್ನಲು ಕಾದರು. ಅವನು ಪ್ರಾರ್ಥನೆ ಮುಗಿಸದೆ ಕಣ್ಣು ಮುಚ್ಚಿಯೇ ನಿಂತಿದ್ದ. ಮಗ ಒಂದು ಕಣ್ಣು ತೆರೆದು ಅಪ್ಪನನ್ನು ನೋಡಿ, ಮತ್ತೆ ಮುಚ್ಚಿ ತಾನೂ ಶುರು ಮಾಡಿದ.

"ಕರ್ತನೇ, ಅಪ್ಪನಿಗೆ ಹೇಳು, ಏಣಿ ಮುಟ್ಟಬೇಡ ಅಂದಿದ್ದು ಅವರೇ ಅಂತ."

"ಕರ್ತನೇ, ಈಗ ಮುಟ್ಟು ಅನ್ನು."

"ಕರ್ತನೇ, ಮೆಷಿನ್?"

ಚಿಕ್ಕ ಪೇಂಟರ್ ಉಸಿರೆಳೆದುಕೊಂಡ. "ಕರ್ತನೇ, ಅದನ್ನ ಮನೇಲಿ ಮಾತಾಡೋಣ ಅನ್ನು."

"ಆಮೆನ್" ಎಂದರು ಪಾದ್ರಿಗಳು.

ಅಪ್ಪ, ಮಗ ಇಬ್ಬರೂ ಬಗ್ಗಿ ಹಿಡಿ ಹಿಡಿ ಮಣ್ಣು ತೆಗೆದು ಗುಂಡಿಗೆ ಹಾಕಿದರು. ಅರ್ಧ ಬಿತ್ತು. ಉಳಿದರ್ಧ ಹಸಿ ಬಣ್ಣಕ್ಕೆ ಅಂಟಿಕೊಂಡು ಕೈಯಲ್ಲೇ ನಿಂತಿತು. ಹಿಂದಿದ್ದವರು ತಮ್ಮ ಸರದಿಗೆ ಕಾಯುತ್ತಿದ್ದರು. ಮಗ ಅಪ್ಪನ ಅಂಗೈಯನ್ನು ತನ್ನ ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಮಣ್ಣು ಬಿಡಿಸತೊಡಗಿದ.