ಮನೆ ನೋಡಲು ಬಂದವರು

ಒಡೆಸ್ಸಾ ಪ್ರುಯಿಟ್ ಸೋಫಾದ ಮೇಲೆ ಪ್ಲಾಸ್ಟಿಕ್ ಹೊದಿಕೆ ಎಳೆದು ಅಂಚನ್ನು ಒಳಗೆ ಸಿಕ್ಕಿಸುತ್ತಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಜೊನೆಲ್‌ಳ ದಿಂಬು, ಕಂಬಳಿ, ಬಟ್ಟೆ, ಬಚ್ಚಲಲ್ಲಿ ಹರಡಿದ್ದ ಕೂದಲ ಪಿನ್ನುಗಳು, ಹಲ್ಲುಜ್ಜುವ ಬ್ರಷ್ಷು ಎಲ್ಲವೂ ಚೀಲ ಸೇರಿ ಪಕ್ಕದ ಮನೆಯವರ ಗ್ಯಾರೇಜಿಗೆ ಹೋಗಿದ್ದವು. ನೆಲದಲ್ಲಿ ಮುಖ ಕಾಣುವಂತಿತ್ತು.

"ಸ್ಕೂಲಿನವರು ಮನೆ ನೋಡೋಕೆ ಬರ್ತಾರಂತೆ ದೊಡ್ಡಮ್ಮ," ಎಂದು ತಂಗಿಯ ಮಗಳು ಶಾರ್ಮೇನ್ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದಳು. ಅಷ್ಟೇ ಹೇಳಿದ್ದಳು. ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುವ ಶಾರ್ಮೇನ್‌ಳ ಮನೆ ಹೆದ್ದಾರಿಯ ಆಚೆ, ನಗರದೊಳಗೆ. ಶಾಲೆಯಿರುವ ದಿನಗಳಲ್ಲಿ ಅವಳ ಮಗಳು ಜೊನೆಲ್ ಈಚೆ, ಒಡೆಸ್ಸಾಳ ಸೋಫಾದ ಮೇಲೆ ಮಲಗಿ ಈ ಊರಿನ ಶಾಲೆಗೆ ಹೋಗುತ್ತಿದ್ದಳು. ಈ ಊರಲ್ಲಿ ವಾಸವಿರುವ ಮಕ್ಕಳಿಗೆ ಮಾತ್ರ ಇಲ್ಲಿಯ ಶಾಲೆ. ಜೊನೆಲ್ ಇಲ್ಲಿ ವಾಸವಿಲ್ಲವೆಂದು ಯಾರೋ ಶಾಲೆಗೆ ದೂರು ಕೊಟ್ಟಿದ್ದರು.

ಬಂದವನು ಬಿಳಿಯ, ಇನ್ನೂ ಹುಡುಗುಮುಖ. ನೆಲ ನೋಡಿ ಹೊಸ್ತಿಲಲ್ಲೇ ನಿಂತ.

"ಶೂ ಬಿಚ್ಚಲಾ ಮೇಡಂ?"

"ಪರವಾಗಿಲ್ಲ, ಬನ್ನಿ ಬನ್ನಿ."

"ಮಗು ಎಲ್ಲಿ ಮಲಗುತ್ತೆ?"

"ಇಲ್ಲೇ. ಈ ಸೋಫಾ ಮೇಲೆ."

ಅವನು ಬೆರಳಿಂದ ಒತ್ತಿ ನೋಡಿದ. ಪ್ಲಾಸ್ಟಿಕ್ಕು ಕರಕರ ಎಂದಿತು.

"ಅವಳ ಬಟ್ಟೆ?"

ಗ್ಯಾರೇಜಿನ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಬಚ್ಚಿಟ್ಟಂತೆ ಕೇಳಿಸುತ್ತದೆ ಎನ್ನಿಸಿತು. "ಒಗೆಯೋಕೆ ಹಾಕಿದೀನಿ," ಎಂದಳು.

"ಎಲ್ಲಾನೂ?"

ಅವನು ಬಚ್ಚಲಿಗೂ ಹೋಗಿ ಬಂದ. ಲೋಟದಲ್ಲಿ ಒಂದೇ ಬ್ರಷ್ಷಿತ್ತು. ಹೊರಡುವಾಗ, "ಮನೆ ತುಂಬಾ ಚೆನ್ನಾಗಿಟ್ಟಿದೀರಿ," ಎಂದ. ಮನಸ್ಸಿನಿಂದಲೇ ಹೇಳಿದ್ದ. ಒಡೆಸ್ಸಾಳಿಗೆ ಒಂದು ಕ್ಷಣ ಹೆಮ್ಮೆಯೆನಿಸಿತು.

ಶುಕ್ರವಾರ ಶಾಲೆಯಿಂದ ಫೋನು ಬಂದ ಮೇಲೆ ಶಾರ್ಮೇನ್ ಕೆಲಸದ ಬಟ್ಟೆಯಲ್ಲೇ ಓಡಿಬಂದಳು. ಜೊನೆಲ್ ಇನ್ನು ನಗರದ ಶಾಲೆಗೇ ಹೋಗಬೇಕು.

"ಯಾಕೆ ಎತ್ತಿಟ್ಟೆ ದೊಡ್ಡಮ್ಮ? ಅದನ್ನೆಲ್ಲ ಯಾಕೆ ಎತ್ತಿಟ್ಟೆ?"

"ಬಿಳಿಯರು ಮನೆಗೆ ಬರ್ತಾರೆ ಅಂದ್ರೆ ಹರಡ್ಕೊಂಡು ಕೂತಿರ್ಲಾ? ಮಗೂನ ಮೂಲೇಲಿ ಮಲಗಿಸ್ತಾಳೆ ಅಂತ ಆಡ್ಕೊಳ್ಳಲ್ವಾ?"

"ಮೂಲೇಲಿ ಮಲಗ್ತಾಳೆ ಅನ್ನೋದೇ ಕಾಣ್ಬೇಕಿತ್ತು! ಆ ಪ್ಲಾಸ್ಟಿಕ್ ಮೇಲೆ ಏಸುಸ್ವಾಮಿ ಬಂದ್ರೂ ಕೂರೋಕೆ ಬಿಡಲ್ಲ ನೀನು. ಮಗು ಮಲಗುತ್ತೆ ಅಂದ್ರೆ ಅವನು ನಂಬ್ತಾನಾ?"

ಶಾರ್ಮೇನ್ ನಗಲು ಹೋದಳು, ಆಗದೆ ಮುಖ ತಿರುಗಿಸಿದಳು.

ಚಿಕ್ಕಂದಿನಲ್ಲಿ, ದಕ್ಷಿಣದ ಅಲಬಾಮಾದಲ್ಲಿ, ಒಡೆಸ್ಸಾ ಓದಿದ ಕರಿಯರ ಶಾಲೆಗೆ ಒಮ್ಮೆ ದೊಡ್ಡ ಅಧಿಕಾರಿ ಬರುವವನಿದ್ದ. ಮೇಷ್ಟರು ಮಕ್ಕಳಿಂದ ನೆಲ ಉಜ್ಜಿಸಿದರು. ಬಿಳಿಯ ಮಕ್ಕಳು ಓದಿ ಹರಿದು ಬಿಸಾಡಿದ ಪುಸ್ತಕಗಳನ್ನು ಬೆಂಚಿನ ಹಿಂದೆ ಅಡಗಿಸಿದರು. ಕೋಣೆ ಬೆಚ್ಚಗಿಡಬೇಕಿದ್ದ ಒಡೆದ ಒಲೆಯ ಮುಂದೆ ಹೂವಿನ ಕುಂಡ ಇಟ್ಟರು. ಅಧಿಕಾರಿ ಬಾಗಿಲಲ್ಲೇ ನಿಂತು ನೋಡಿ, ಎಲ್ಲ ಅಚ್ಚುಕಟ್ಟಾಗಿದೆ, ಇಲ್ಲಿಗೇನೂ ಬೇಕಿಲ್ಲ ಎಂದು ಹೊರಟುಹೋದ. ಮೇಷ್ಟರು ಮಕ್ಕಳಿಗೆಲ್ಲ ಕಡಲೆಕಾಯಿ ಹಂಚಿದರು. ಆ ಚಳಿಗಾಲವೂ ಮಕ್ಕಳು ಕೋಟು ಹಾಕಿಕೊಂಡೇ ಪಾಠ ಕೇಳಿದರು. ಇದನ್ನು ಅವಳು ಯಾರಿಗೂ ಹೇಳಿದ್ದಿಲ್ಲ.

"ಅಜ್ಜಿ, ನನ್ನ ಕ್ಲಾರಿನೆಟ್ ವಾಪಸ್ ತಗೊಂತಾರಾ?" ಜೊನೆಲ್ ಕೇಳಿದಳು. ಅದು ಶಾಲೆಯವರು ಕೊಟ್ಟದ್ದು. ನಗರದ ಶಾಲೆಯಲ್ಲಿ ವಾದ್ಯ ಕಲಿಸುವವರೇ ಇರಲಿಲ್ಲ.

"ಅವಳ ಚೀಲ ಎಲ್ಲಿ?" ಎಂದಳು ಶಾರ್ಮೇನ್.

"ಗ್ಯಾರೇಜಲ್ಲಿದೆ. ಎಲ್ಲಾ ಮಡಿಚಿಟ್ಟಿದೀನಿ."

ಸೋಮವಾರ ಬೆಳಿಗ್ಗೆ ಶಾಲೆಯ ಹಳದಿ ಬಸ್ಸು ಬಂದು ಮನೆಯೆದುರೇ ನಿಂತಿತು. ಜೊನೆಲ್ ಇನ್ನು ಬರುವುದಿಲ್ಲವೆಂದು ಡ್ರೈವರಮ್ಮನಿಗೆ ಯಾರೂ ತಿಳಿಸಿರಲಿಲ್ಲ. ಬದಿಯಿಂದ ಕೆಂಪು ಫಲಕ ಚಾಚಿಕೊಂಡಿತು, ದೀಪಗಳು ಮಿನುಗಿದವು. ಮಗು ಹತ್ತುವವರೆಗೆ ಯಾರೂ ದಾಟಬಾರದೆಂಬ ನಿಯಮದಂತೆ ಎರಡೂ ದಿಕ್ಕಿನ ಕಾರುಗಳು ನಿಂತವು. ಯಾರೂ ಹಾರ್ನ್ ಹೊಡೆಯಲಿಲ್ಲ. ಬಾಗಿಲು ತೆರೆದುಕೊಂಡಿತು.

ಜಗಲಿಯಲ್ಲಿದ್ದ ಒಡೆಸ್ಸಾ ಕೈಬೀಸಿ ಮುಂದೆ ಹೋಗಲು ಹೇಳಬೇಕಿತ್ತು. ಕೈ ಮೇಲೇಳಲಿಲ್ಲ. ಇಡೀ ಬೀದಿ ಕಾಯುತ್ತ ನಿಂತಿತ್ತು.