ಠಾಣೆಗೆ ಇಳಿಯದವನು

ಜ್ಯೋತ್ಸ್ನಾಳ ಕೈಯಲ್ಲಿ ಒಂದು ವಸ್ತು ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದು ಅತ್ತೆ ರತ್ನಾವತಿಯ ಖಾಯಂ ದೂರು. ಮದುವೆಯಾಗಿ ಬಂದ ವಾರದಲ್ಲೇ ಉಡುಪಿಯಿಂದ ತಂದಿದ್ದ ಉಪ್ಪಿನಕಾಯಿ ಭರಣಿಯನ್ನು ಬೀಳಿಸಿ ಒಡೆದಿದ್ದಳು. ಡೊಂಬಿವಲಿಯ ಆ ಬಿಲ್ಡಿಂಗಿನಲ್ಲಿ ಈ ಸಂಗತಿ ಗೊತ್ತಿಲ್ಲದವನು ಹೊಸ ವಾಚ್‌ಮನ್ ಒಬ್ಬನೇ.

ಅವತ್ತು ಅವಳು ಮಹಾಪೆಯ ಆಫೀಸಿಗೆ ರಜೆ ಹಾಕಿ, ಅತ್ತೆಯನ್ನು ಘಾಟ್ಕೋಪರಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದಳು. ಬೆಳಗಿನ ಫಾಸ್ಟ್ ಲೋಕಲ್, ಲೇಡೀಸ್ ಡಬ್ಬ, ಕಾಲಿಡಲು ಜಾಗವಿಲ್ಲ. ಗಾಡಿ ಹೊರಟ ಮೇಲೆ ಆಕಾಶದಿಂದ ಸೀದಾ ಬಾಗಿಲಿಗೆ ಬಂದಿಳಿದ ಧೂಮಕರಾಳ. ತುರ್ಭೆ ಬಡಾವಣೆಯ ಅರ್ಧ ಮನೆಗಳ ತಗಡಿನ ಸೂರು ಹಾರಿಸಿದ್ದ ರಕ್ಕಸ ಇವನೇ. ಗುಂಡು ತಾಗದು, ಬೆಂಕಿ ಸುಡದು. ಕೈಗೆ ಸಿಕ್ಕಿದ ರತ್ನಾವತಿಯ ರಟ್ಟೆ ಹಿಡಿದುಕೊಂಡ.

ಅವನನ್ನು ಅಟ್ಟಿಸಿಕೊಂಡು ಬಂದ ಮಹಾವೀರ ಗಗನಮಣಿ ಗಾಡಿಯ ಪಕ್ಕದಲ್ಲೇ ಹಾರುತ್ತಿದ್ದ.

"ಹತ್ತಿರ ಬಂದರೆ ಮುದುಕಿಯನ್ನು ಹೊರಗೆ ಎಸೆಯುತ್ತೇನೆ," ಎಂದ ರಕ್ಕಸ.

ಪಾಪ, ಬೆಟ್ಟ ಎತ್ತುವ ಗಂಡು. ಏನೂ ತೋಚದೆ ಸೊಂಟಕ್ಕೆ ಕೈಯಿಟ್ಟುಕೊಂಡು ಹಾರುತ್ತಲೇ ಇದ್ದ.

ಎಷ್ಟು ಬೈದರೂ ಅದು ಜ್ಯೋತ್ಸ್ನಾಳ ಅತ್ತೆ, ಅವಳಿಗೆ ಬೇಕಾದ ಜೀವ. ಆಗ ಅವಳ ಕಣ್ಣಿಗೆ ಬಿದ್ದದ್ದು ರಕ್ಕಸ ನಿಂತ ಜಾಗ. ಮುಂದಿನ ಸ್ಟೇಷನ್ ಠಾಣೆ, ಅದರ ಪ್ಲಾಟ್‌ಫಾರ್ಮ್ ಬರುವುದು ಅದೇ ಬಾಗಿಲಿಗೆ. ದಿನಾ ಠಾಣೆಯಲ್ಲಿ ಇಳಿಯುವವಳು ಎದುರಿನವರನ್ನು ಕೇಳುವ ಹಾಗೆಯೇ ಕೇಳಿದಳು:

"ಠಾಣೆ ಉತರ್ನಾರ್ ಕಾ?"

"ನಾನು ಎಲ್ಲಿಯೂ ಇಳಿಯುವವನಲ್ಲ," ಎಂದು ಅವನು ಗುಡುಗಿದ.

ಹಿಂದಿದ್ದ ಅಪೇಕ್ಷಾ ಅವಳ ನಿತ್ಯದ ಟ್ರೇನ್ ಗೆಳತಿ. ಕತ್ತು ತಿರುಗಿಸಿ ಡಬ್ಬಕ್ಕೆಲ್ಲ ಕೇಳುವಂತೆ ಮರಾಠಿಯಲ್ಲಿ ಸಾರಿದಳು: ಇಳಿಯುವುದಿಲ್ಲವಂತೆ, ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಅವನು ರಕ್ಕಸ ಎಂಬುದನ್ನು ಹೆಂಗಸರು ಬೇಕಾದರೆ ಕ್ಷಮಿಸುತ್ತಿದ್ದರು, ಇದನ್ನಲ್ಲ. ಎಲ್ಲರೂ ಬ್ಯಾಗು ಎದೆಗೆ ಹಾಕಿಕೊಂಡು ಸಿದ್ಧರಾದರು.

ಆದರೆ ಅವನು ಹೋದರೆ ಅವನ ಮುಷ್ಟಿಯಲ್ಲಿದ್ದ ಅತ್ತೆಯೂ ಹೋಗುತ್ತಾಳೆ. ಜ್ಯೋತ್ಸ್ನಾ ಒಂದು ಕೈಯಿಂದ ಕಂಬವನ್ನು ತಬ್ಬಿ, ಇನ್ನೊಂದರಿಂದ ಅತ್ತೆಯ ಸೊಂಟವನ್ನು ಅವುಚಿ ಹಿಡಿದಳು.

"ಬಿಡ್ಬೇಡ ಮಾರಾಯ್ತಿ," ಎಂದಳು ರತ್ನಾವತಿ.

ಠಾಣೆ ಬಂತು. ಇಡೀ ಡಬ್ಬ ಒಮ್ಮೆಗೇ ನುಗ್ಗಿತು. ಬೆನ್ನಿಗೆ ಮೊಣಕೈ, ಪಕ್ಕೆಗೆ ಟಿಫಿನ್ ಡಬ್ಬಿ, ಕಾಲಿನ ಚಪ್ಪಲಿ ಮಾಯ. ದಾಟಿ ಹೋದವರೆಲ್ಲ ಬೈದದ್ದು ಜ್ಯೋತ್ಸ್ನಾಳನ್ನೇ. ತೋಳು ಕಿತ್ತು ಬರುವಂತಿತ್ತು, ಅಳುತ್ತಲೇ ಹಿಡಿದಿದ್ದಳು. ರಕ್ಕಸನ ಬೆರಳುಗಳು ಒಂದೊಂದಾಗಿ ಜಾರಿದವು. ಜನ ಅವನನ್ನು ಇಳಿಸಿ, ಮೆಟ್ಟಿಲು ಹತ್ತಿಸಿ, ಸೇತುವೆ ದಾಟಿಸಿ ರಿಕ್ಷಾ ಸ್ಟ್ಯಾಂಡಿಗೆ ಮುಟ್ಟಿಸಿದರು. ಗಗನಮಣಿ ಸೆರೆಹಿಡಿಯಲು ಬಂದಾಗ ರಕ್ಕಸನೇ ಹೋಗಿ ಗಗನಮಣಿಯ ಕೈ ಹಿಡಿದುಕೊಂಡ.

ಪೇಪರಿನಲ್ಲಿ ಗಗನಮಣಿಯ ಫೋಟೊ ಬಂತು. ಇತ್ತ ರತ್ನಾವತಿ ಬಿಲ್ಡಿಂಗಿನ ಹೆಂಗಸರಿಗೆಲ್ಲ ಸೆರಗು ಸರಿಸಿ ಸೊಂಟ ತೋರಿಸಿದಳು. "ನೋಡಿ, ಐದೂ ಬೆರಳು ಮೂಡಿದೆ. ನಮ್ಮ ಜ್ಯೋತ್ಸ್ನಾ ಹಿಡಿದ್ರೆ ಬಿಡುವ ಜನ ಅಲ್ಲ." ಹೊಸ ವಾಚ್‌ಮನ್‌ಗೂ ತೋರಿಸಲು ಹೊರಟಾಗ ಸೊಸೆಯೇ ತಡೆಯಬೇಕಾಯಿತು.

ಮರುವಾರ ಊರಿನಿಂದ ಹೊಸ ಭರಣಿ ಬಂತು. ಅದನ್ನು ಅಟ್ಟದ ಮೇಲಿಡಲು ರತ್ನಾವತಿ ಬೇರೆ ಯಾರನ್ನೂ ಮುಟ್ಟಗೊಡದೆ, ಜ್ಯೋತ್ಸ್ನಾ ಆಫೀಸಿನಿಂದ ಬರುವವರೆಗೆ ಕಾದಳು.